ಸೇವೆಗೂ ಒಂದು ಕೊನೇ ತಾರೀಖು ಇರಲಿ

ಕಳೆದ ಮಾರ್ಚ್ 31ಕ್ಕೆ ನಾನು ನಮ್ಮ ಭೂವಿಜ್ಞಾನಿಗಳ ಸಂಘದ ನ್ಯೂಸ್‌ಲೆಟರ್ ಸಂಪಾದಕಿ ಕೆಲಸ ಬಿಟ್ಟೆ. ಐದು ವರ್ಷ, ವರ್ಷಕ್ಕೆ ನಾಲ್ಕರಂತೆ ಇಪ್ಪತ್ತು ಸಂಚಿಕೆ. ಸಂಬಳ ಸೊನ್ನೆ. ಅದು ಒಪ್ಪಿಕೊಳ್ಳುವಾಗಲೇ ಗೊತ್ತಿತ್ತು, ತಕರಾರಿಲ್ಲ. ತಕರಾರಿರುವುದು ಬಿಟ್ಟ ಮೇಲೆ ಬಂದ ಫೋನುಗಳ ಬಗ್ಗೆ. "ಬೇರೆ ಯಾರಾದ್ರೂ ಸಿಗೋ ತನಕ ಇರಬೇಕಿತ್ತಮ್ಮ." "ಈ ವಯಸ್ಸಿಗೇ ಸುಸ್ತಾದ್ರೆ ಹೆಂಗೆ?" "ಸೇವೆ ಅಂದ್ಮೇಲೆ ಲೆಕ್ಕ ಇಡಬಾರದು." ಈ ಕೊನೆಯ ಮಾತಿಗೆ ಉತ್ತರ ಕೊಡಲೇಬೇಕು.

ಸಂಘದ ಹೆಸರು ಬೇಡ. ನಿಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್, ಹಳೇ ವಿದ್ಯಾರ್ಥಿಗಳ ಸಂಘ, ರಾಜ್ಯೋತ್ಸವ ಸಮಿತಿ, ಎಲ್ಲಾ ಕಡೆ ಇದೇ ಕಥೆ. "ನಿಮಗೆ ಕಂಪ್ಯೂಟರ್ ಗೊತ್ತಲ್ಲ, ನೀವೇ ಮಾಡ್ಕೊಡಿ" ಅಂತ ಶುರುವಾಗುತ್ತೆ. ಎಂದು ಮುಗಿಯುತ್ತೆ ಅಂತ ಯಾರೂ ಹೇಳಲ್ಲ.

ಮೊದಲು ಈ ನ್ಯೂಸ್‌ಲೆಟರ್ ಯಾಕೆ ಬೇಕು ಅಂತ ಹೇಳಿಬಿಡ್ತೀನಿ, ಯಾಕಂದ್ರೆ ಅದು ಬೇಡದ ಕಾಗದ ಅಂತ ನಾನು ಬಿಡಲಿಲ್ಲ. ಲಾಲ್‌ಬಾಗಿನ ಬಂಡೆ ನೀವೆಲ್ಲ ಹತ್ತಿರ್ತೀರಿ. ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಮೇಲೊಂದು ಕೆಂಪೇಗೌಡರ ಗೋಪುರ. ಅದೇ ಜಾತಿಯ ಕಲ್ಲು ಊರ ತುಂಬಾ ನಮ್ಮ ಕಾಲ ಕೆಳಗಿದೆ. ಎಲ್ಲೋ ಒಂದು ಕಡೆ ಮೂರು ಅಂತಸ್ತಿನ ಬೇಸ್‌ಮೆಂಟ್ ಅಗೆದಾಗ ಅದರ ಹಸಿ ಗೋಡೆ ಕೆಲವೇ ವಾರ ಕಾಣುತ್ತೆ, ಆಮೇಲೆ ಕಾಂಕ್ರೀಟು. ಆಫೀಸಿಗೆ ಹೋಗುವ ದಾರಿಯಲ್ಲಿ ನಮ್ಮ ಸದಸ್ಯರೊಬ್ಬರು ಬೈಕ್ ನಿಲ್ಲಿಸಿ ಫೋಟೋ ತೆಗೆದು, ಇಲ್ಲಿ ಒಂದು ಡೈಕ್ ಹಾದು ಹೋಗಿದೆ, ಇಷ್ಟು ಅಡಿಗೆ ಗಟ್ಟಿ ಕಲ್ಲು ಸಿಕ್ಕಿದೆ ಅಂತ ಹತ್ತು ಸಾಲು ಬರೆದು ಕಳಿಸ್ತಾರೆ. ದೊಡ್ಡ ಜರ್ನಲ್‌ಗಳು ಇದನ್ನು ಮುಟ್ಟಲ್ಲ. ಇದಕ್ಕೆ ಜಾಗ ನ್ಯೂಸ್‌ಲೆಟರೇ.

ಈ ಹತ್ತು ಸಾಲಿಗೆ ಬೆಲೆ ಇಲ್ಲ ಅನ್ನೋರು ನಮ್ಮ ಮೆಟ್ರೋ ನೆನಪಿಸಿಕೊಳ್ಳಿ. ಸುರಂಗದ ಯಂತ್ರದ ಎದುರು ಅರ್ಧ ಗಟ್ಟಿ ಕಲ್ಲು, ಅರ್ಧ ಕೊಳೆತ ಮಣ್ಣು ಬಂದಿದ್ದೂ ಸುರಂಗದ ಕೆಲಸ ತಡವಾಗಲು ಒಂದು ದೊಡ್ಡ ಕಾರಣ. ಇನ್ನು ಕೆಜಿಎಫ್. 2001ರಲ್ಲಿ ಗಣಿ ಮುಚ್ಚಿತು. ನೆಲದಿಂದ ಮೂರು ಕಿಲೋಮೀಟರ್‌ಗೂ ಆಳಕ್ಕೆ ಇಳಿದು ಕೆಲಸ ಮಾಡಿದ ಭೂವಿಜ್ಞಾನಿಗಳು ಒಬ್ಬೊಬ್ಬರಾಗಿ ಹೋಗ್ತಿದ್ದಾರೆ. ಅವರು ಕಂಡದ್ದು ಬರಹದಲ್ಲಿ ಉಳಿಯುವುದು ಕೆಲವು ಸಲ ನಮ್ಮ ಶ್ರದ್ಧಾಂಜಲಿ ಪುಟದಲ್ಲಿ ಮಾತ್ರ.

ಇಷ್ಟು ಮುಖ್ಯವಾದ ಕೆಲಸವನ್ನು ಸಂಘ ಹೇಗೆ ನಡೆಸಿತು? ಲೇಖನ ಬೇಡಿ ತರೋದು, ನುಡಿಯಲ್ಲಿ ಬಂದದ್ದನ್ನು ಯೂನಿಕೋಡ್‌ಗೆ ತಿರುಗಿಸೋದು, ಪಕ್ಕದಲ್ಲಿ ಸುತ್ತಿಗೆಯನ್ನೂ ಇಡದೆ ತೆಗೆದ ಬಂಡೆಯ ಫೋಟೋಗೆ ಅಳತೆ ಕೇಳೋದು, ಪುಟ ಜೋಡಿಸೋದು, ಅಂಚೆಗೆ ವಿಳಾಸ ಅಂಟಿಸೋದು, ಎಲ್ಲಾ ಒಬ್ಬಳೇ. ಹಗಲು ನನಗೆ ಬೋರ್‌ವೆಲ್, ಅಂತರ್ಜಲದ ಕೆಲಸ ಇದೆ. ಇದೆಲ್ಲ ರಾತ್ರಿ ಹತ್ತರ ಮೇಲೆ.

ಮೂರೇ ವಿಷಯ ಕೇಳಿದ್ದೆ. ಸಂಪಾದಕರ ಅವಧಿ ಎರಡು ವರ್ಷ, ಜೊತೆಗೊಬ್ಬ ಸಹಾಯಕ ಸಂಪಾದಕ. ಪುಟ ವಿನ್ಯಾಸಕ್ಕೆ ಒಂದಿಷ್ಟು ದುಡ್ಡು. ಏನು ಅಚ್ಚಾಗಬೇಕು ಅನ್ನುವ ತೀರ್ಮಾನ ಸಂಪಾದಕರದ್ದು.

ಮೊದಲನೆಯದಕ್ಕೆ "ಜನ ಎಲ್ಲಿದ್ದಾರಮ್ಮ?" ಎರಡನೆಯದಕ್ಕೆ "ಫಂಡ್ ಇಲ್ಲ." ಅದೇ ವರ್ಷದ ವಾರ್ಷಿಕ ಸಭೆಯಲ್ಲಿ ವೇದಿಕೆ ಮೇಲಿದ್ದ ಪ್ರತಿಯೊಬ್ಬರಿಗೂ ಶಾಲು, ಹಾರ, ಮೈಸೂರು ಪೇಟ, ಗಾಜಿನ ಪೆಟ್ಟಿಗೆಯಲ್ಲೊಂದು ನೆನಪಿನ ಕಾಣಿಕೆ. ಅದರ ಫೋಟೋಗಳು ಮುಂದಿನ ಸಂಚಿಕೆಯ ನಾಲ್ಕು ಪುಟ ತಿಂದವು. ಮೂರನೆಯದರ ಉತ್ತರ 2022ರ ಕೊನೆಯಲ್ಲಿ ಸಿಕ್ಕಿತು. ಕೇಂದ್ರ ಗಣಿ ಸಚಿವಾಲಯ ಭೂಪರಂಪರೆಯ ತಾಣಗಳ ರಕ್ಷಣೆಗೆ ಒಂದು ಕರಡು ಮಸೂದೆ ಹೊರಡಿಸಿತ್ತು. ತಾಣಗಳನ್ನು ನೋಡಿಕೊಳ್ಳುವ ಅಧಿಕಾರದ ಬಹುಪಾಲು ಜಿಎಸ್‌ಐ ಒಂದರ ಕೈಗೇ ಹೋಗಬೇಕಾ? ಇದನ್ನು ಪ್ರಶ್ನಿಸುವ ಲೇಖನವೊಂದು ಬಂತು, ಚೆನ್ನಾಗಿತ್ತು. ಪದಾಧಿಕಾರಿಗಳು "ವಿವಾದ ಯಾಕೆ, ಮುಂದಿನ ಸಲ ನೋಡೋಣ" ಅಂದರು. ಆ ಮುಂದಿನ ಸಲ ಬರಲೇ ಇಲ್ಲ. ಕಾಲಮಾನವನ್ನು ಕೋಟಿ ವರ್ಷಗಳಲ್ಲಿ ಎಣಿಸುವ ಜನ ನಾವು. ಆದರೂ ಅಭಿಪ್ರಾಯ ಕೇಳಿ ಹೊರಡಿಸಿದ ಕರಡಿಗೆ ಒಂದು ಗಡುವು ಇರುತ್ತೆ, ಅದು ಕಾಯಲ್ಲ.

ಹಿರಿಯರು ಒಂದು ಉದಾಹರಣೆ ಕೊಡ್ತಾರೆ. "ಬಿ.ಪಿ. ರಾಧಾಕೃಷ್ಣ ಅವರು ದಶಕಗಟ್ಟಲೆ ಜರ್ನಲ್ ನೋಡಿಕೊಳ್ಳಲಿಲ್ವಾ?" ನೋಡಿಕೊಂಡರು, ನಮ್ಮಂಥವರಿಗೆಲ್ಲ ಅವರು ಆದರ್ಶವೇ. ಆದರೆ ಉದಾಹರಣೆಯನ್ನು ಪೂರ್ತಿ ತಗೊಳ್ಳಿ. ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ನಿರ್ದೇಶಕರಾಗಿದ್ದವರು ಅವರು. ಅವರ ಸಂಪಾದಕೀಯಗಳು ನೇರವಾಗಿ ಅಭಿಪ್ರಾಯ ಹೇಳುತ್ತಿದ್ದವು. ಅವರ ದುಡಿಮೆ ನಮ್ಮಿಂದ ಬೇಕು, ಅವರಿಗಿದ್ದ ಅಧಿಕಾರ ಮಾತ್ರ ಕೊಡಲ್ಲ ಅಂದ್ರೆ ಆಗುತ್ತಾ?

ಪದಾಧಿಕಾರಿಗಳೂ ಪುಕ್ಕಟೆ ದುಡಿಯುವವರೇ, ಒಪ್ಪುತ್ತೇನೆ. ಕೆಟ್ಟವರಲ್ಲ. ಆದರೆ ಅವರಿಗೆ ಅವಧಿ ಇದೆ, ಚುನಾವಣೆ ಇದೆ, ಬೈಲಾದಲ್ಲಿ ಹೆಸರಿದೆ. ಸಂಪಾದಕಿಗೆ ಇದ್ಯಾವುದೂ ಇಲ್ಲ. ಕೊನೆ ಇಲ್ಲದ, ಹಕ್ಕಿಲ್ಲದ, ಬಿಟ್ಟರೆ ಬೈಗುಳ ಇರುವ ಕೆಲಸಕ್ಕೆ ಕನ್ನಡದಲ್ಲಿ ಬೇರೆ ಪದ ಇದೆ, ಅದು ಜೀತ.

"ನೀವು ಬಿಟ್ರೆ ನಿಂತೇ ಹೋಗುತ್ತೆ" ಅಂತಾರೆ. ಒಬ್ಬಳು ಬಿಟ್ಟರೆ ನಿಂತು ಹೋಗುವುದಾದರೆ ಅದು ಸಂಘದ ಪತ್ರಿಕೆಯಾಗಿ ಯಾವತ್ತೂ ಇರಲೇ ಇಲ್ಲ, ನನ್ನ ಖಾಸಗಿ ಪತ್ರಿಕೆಯಾಗಿತ್ತು. ನಾನು ಮುಂದುವರಿದಿದ್ದರೆ ಆ ಸತ್ಯ ಇನ್ನೂ ಐದು ವರ್ಷ ಮುಚ್ಚಿಕೊಂಡು ಇರುತ್ತಿತ್ತು, ಅಷ್ಟೇ.

ಆರು ತಿಂಗಳ ಮುಂಚೆ ನೋಟಿಸ್ ಕೊಟ್ಟೆ. ಫೈಲು, ವಿಳಾಸ ಪಟ್ಟಿ, ಪಾಸ್‌ವರ್ಡ್, ಬಾಕಿ ಲೇಖನಗಳು, ಎಲ್ಲಾ ಒಪ್ಪಿಸಿದೆ. ಸದಸ್ಯೆಯಾಗಿ ಉಳಿದಿದ್ದೇನೆ, ಚಂದಾ ಕಟ್ಟಿದ್ದೇನೆ, ಆ ಹತ್ತು ಸಾಲಿನ ಟಿಪ್ಪಣಿಗಳನ್ನು ಮುಂದೆಯೂ ಬರೆದು ಕಳಿಸುತ್ತೇನೆ. ಅಚ್ಚು ಮಾಡೋರು ಇರಬೇಕು.

ನಿಮ್ಮನ್ನೂ ನಾಳೆ ಯಾರಾದರೂ ಕೇಳ್ತಾರೆ. ಖಂಡಿತ ಒಪ್ಪಿಕೊಳ್ಳಿ, ಸಂಘಗಳು ಬದುಕೋದು ಹಾಗೇನೇ. ಹೂಂ ಅನ್ನುವ ಮುಂಚೆ ಮಾತ್ರ ಮೂರು ಪ್ರಶ್ನೆ ಕೇಳಿಬಿಡಿ: ಎಷ್ಟು ದಿನ, ಯಾರ ಜೊತೆ, ತೀರ್ಮಾನ ಯಾರದ್ದು? ಉತ್ತರ ಬಾಯಲ್ಲಿ ಬೇಡ, ಇಮೇಲ್‌ನಲ್ಲಿ ತಗೊಳ್ಳಿ.