ಊರಿನ ಆಸ್ತಿ, ಮುಂಬಯಿಯ ವಿಳಾಸ: ಸಿವಿಲ್ ದಾವೆಯಲ್ಲಿ ನಾವು ಎಡವುವುದೆಲ್ಲಿ?

ಎರಡು ಮೂರು ತಲೆಮಾರುಗಳಿಂದ ಮುಂಬಯಿಯಲ್ಲಿ ನೆಲೆನಿಂತ ಕನ್ನಡಿಗ ಕುಟುಂಬಗಳಿಗೆ ಊರಿನ ನಂಟು ಇಂದು ಬಹುಮಟ್ಟಿಗೆ ಮದುವೆ, ಜಾತ್ರೆ, ದೈವದೇವರ ಕಾರ್ಯಗಳಿಗೆ ಸೀಮಿತವಾಗಿದೆ. ಆದರೆ ಅನೇಕರ ಪಾಲಿಗೆ ಊರಿನ ಪಹಣಿಯಲ್ಲಿ ಅಜ್ಜನ ಹೆಸರು ಹಾಗೆಯೇ ಉಳಿದಿದೆ. ಆಸ್ತಿಯ ಬೆಲೆ ಏರಿದಂತೆ ಪಾಲಿನ ಪ್ರಶ್ನೆಯೂ ಏಳುತ್ತದೆ. ಒಂದು ದಿನ ಜನ್ಮಭೂಮಿಯ ನ್ಯಾಯಾಲಯದಿಂದ ಕರ್ಮಭೂಮಿಯ ವಿಳಾಸಕ್ಕೆ ಸಮನ್ಸ್ ಬರುತ್ತದೆ. “ಕೋರ್ಟು ಕಚೇರಿಯ ಗೊಡವೆ ನಮಗೇಕೆ? ಹೇಗೂ ಮೊಮ್ಮಕ್ಕಳ ಕಾಲಕ್ಕೆ ಮುಗಿಯುವ ವ್ಯಾಜ್ಯ” ಎಂದು ಅದನ್ನು ಬದಿಗಿಡುವವರೇ ಹೆಚ್ಚು. ಇಲ್ಲಿಯೇ ನಾವು ಎಡವುತ್ತೇವೆ. ದಾವೆ ಆಮೆಯಂತೆ ಸಾಗಬಹುದು, ಆದರೆ ಕಾನೂನು ವಿಧಿಸುವ ಗಡುವುಗಳು ಯಾರಿಗಾಗಿಯೂ ಕಾಯುವುದಿಲ್ಲ. ಈ ಕುರಿತು ಸಾಮಾನ್ಯವಾಗಿ ಕೇಳಿಬರುವ ಕೆಲವು ಪ್ರಶ್ನೆಗಳನ್ನು ಇಲ್ಲಿ ಪರಾಮರ್ಶಿಸಲಾಗಿದೆ.

ದಾವೆಯನ್ನು ಮುಂಬಯಿಯಲ್ಲೇ ನಡೆಸಬಹುದೇ?

ಸಾಮಾನ್ಯವಾಗಿ ಸಾಧ್ಯವಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೇ ಕಲಮಿನ ಪ್ರಕಾರ ಸ್ಥಿರಾಸ್ತಿಯ ಪಾಲು, ಸ್ವಾಧೀನ ಮುಂತಾದ ದಾವೆಗಳನ್ನು ಆಸ್ತಿ ಇರುವ ಸ್ಥಳದ ನ್ಯಾಯಾಲಯದಲ್ಲೇ ಹೂಡಬೇಕು. ಆಸ್ತಿ ಎರಡು ಕಡೆ ಹಂಚಿಹೋಗಿದ್ದರೆ, ಅವುಗಳಲ್ಲಿ ಯಾವುದಾದರೊಂದು ಸ್ಥಳದ ನ್ಯಾಯಾಲಯಕ್ಕೆ ಹೋಗಲು 17ನೇ ಕಲಮು ಅವಕಾಶ ನೀಡುತ್ತದೆ.

ಸಮನ್ಸ್ ಸ್ವೀಕರಿಸದಿದ್ದರೆ ಏನಾಗುತ್ತದೆ?

ಲಕೋಟೆಯನ್ನು ನಿರಾಕರಿಸಿದರೆ ದಾವೆಯಿಂದ ದೂರವಿದ್ದಂತೆ ಎಂಬುದು ದೊಡ್ಡ ತಪ್ಪುಕಲ್ಪನೆ. ‘ನಿರಾಕರಿಸಲಾಗಿದೆ’ ಎಂಬ ಷರಾದೊಡನೆ ಅದು ಹಿಂದಿರುಗಿದರೆ, ಸಮನ್ಸ್ ಜಾರಿಯಾಗಿದೆಯೆಂದೇ ನ್ಯಾಯಾಲಯ ಘೋಷಿಸಬಹುದು. ಮನೆಯ ವಯಸ್ಕ ಸದಸ್ಯರಿಗೆ ತಲುಪಿಸಿದರೂ, ಕೆಲವು ಸಂದರ್ಭಗಳಲ್ಲಿ ಬಾಗಿಲಿಗೆ ಅಂಟಿಸಿದರೂ ಜಾರಿಯಾದಂತೆಯೇ.

ಸಮನ್ಸ್ ಜಾರಿಯಾದ ದಿನದಿಂದ 30 ದಿನಗಳೊಳಗೆ ಪ್ರತಿವಾದಿಯು ಲಿಖಿತ ಹೇಳಿಕೆ ಸಲ್ಲಿಸಬೇಕು. ಸೂಕ್ತ ಕಾರಣವಿದ್ದರೆ ನ್ಯಾಯಾಲಯ ಇದನ್ನು 90 ದಿನಗಳವರೆಗೆ ವಿಸ್ತರಿಸಬಹುದು. ಅದರಾಚೆಗೂ ಅಸಾಧಾರಣ ಸಂದರ್ಭಗಳಲ್ಲಿ ಅವಕಾಶ ನೀಡಬಹುದೆಂದು ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಹೇಳಿದೆಯಾದರೂ, ಆ ವಿನಾಯಿತಿಯನ್ನು ನಂಬಿ ಕೂರುವುದು ಜಾಣತನವಲ್ಲ.

ಏಕಪಕ್ಷೀಯ ಡಿಕ್ರಿಯಾದರೆ ದಾರಿ ಮುಚ್ಚಿತೇ?

ಪೂರ್ತಿ ಮುಚ್ಚುವುದಿಲ್ಲ, ಆದರೆ ಕಿರಿದಾಗುತ್ತದೆ. ಸಮನ್ಸ್ ಸರಿಯಾಗಿ ಜಾರಿಯಾಗಿರಲಿಲ್ಲವೆಂದೋ, ಹಾಜರಾಗದಿರಲು ಬಲವಾದ ಕಾರಣವಿತ್ತೆಂದೋ ತೋರಿಸಿದರೆ ಡಿಕ್ರಿಯನ್ನು ರದ್ದುಪಡಿಸಿಕೊಳ್ಳಬಹುದು. ಅದಕ್ಕೂ ಗಡುವು 30 ದಿನ. ಡಿಕ್ರಿಯ ದಿನದಿಂದ, ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಡಿಕ್ರಿಯ ವಿಷಯ ತಿಳಿದ ದಿನದಿಂದ ಈ ಲೆಕ್ಕ ಆರಂಭವಾಗುತ್ತದೆ. ತಡವಾದ ಪ್ರತಿ ದಿನಕ್ಕೂ ನ್ಯಾಯಾಲಯಕ್ಕೆ ಸಮಜಾಯಿಷಿ ಕೊಡಬೇಕಾಗುತ್ತದೆ.

ಪ್ರತಿ ಸಲವೂ ಊರಿಗೆ ಹೋಗಬೇಕೇ?

ಬೇಕಿಲ್ಲ. ವಕಾಲತ್ತು ಸಲ್ಲಿಸಿದ ಮೇಲೆ ಸಾಮಾನ್ಯ ವಾಯಿದೆಗಳಿಗೆ ವಕೀಲರು ಹಾಜರಾದರೆ ಸಾಕು. ಊರಿನಲ್ಲಿರುವ ಬಂಧುವಿಗೆ ಅಧಿಕಾರಪತ್ರವನ್ನೂ ಬರೆದುಕೊಡಬಹುದು. ಆದರೆ ನಮಗೆ ಮಾತ್ರ ಸ್ವತಃ ಗೊತ್ತಿರುವ ಸಂಗತಿಗೆ ಆ ಬಂಧು ನಮ್ಮ ಪರವಾಗಿ ಸಾಕ್ಷಿ ನುಡಿಯಲಾಗದು. ಸಾಕ್ಷ್ಯದ ದಿನ ನಾವೇ ಹೋಗಬೇಕು, ಇಲ್ಲವೇ ಕಮಿಷನರ್ ಅಥವಾ ವಿಡಿಯೋ ಕಾನ್ಫರೆನ್ಸ್ ಮೂಲಕ ಹೇಳಿಕೆ ದಾಖಲಿಸಲು ನ್ಯಾಯಾಲಯದ ಅನುಮತಿ ಕೋರಬೇಕು. ದಾವೆಯ 16 ಅಕ್ಷರಾಂಕಿಗಳ ಸಿಎನ್‌ಆರ್ ಸಂಖ್ಯೆ ಕೈಯಲ್ಲಿದ್ದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಮುಂದಿನ ವಾಯಿದೆ, ಆದೇಶಗಳನ್ನು ಮುಂಬಯಿಯಲ್ಲಿ ಕುಳಿತೇ ನೋಡಬಹುದು. ವಕೀಲರಿಂದ ಮೊದಲು ಕೇಳಿ ಪಡೆಯಬೇಕಾದುದು ಈ ಸಂಖ್ಯೆಯನ್ನೇ.

ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ ಪಾಲಿದೆಯೇ?

ಇದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯು ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ನೀಡಿತು. ತಂದೆ ಅಂದು ಜೀವಂತವಿದ್ದಿರಬೇಕೆಂಬ ನಿಯಮವಿಲ್ಲ, ಈ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕ್ರಮಬದ್ಧವಾಗಿ ನಡೆದ ಪಾಲುಪಟ್ಟಿಗಳಿಗೆ ಮಾತ್ರ ಇದರಿಂದ ಬಾಧೆಯಿಲ್ಲ. ದಾವೆಯಲ್ಲಿ ಸಹೋದರಿಯರನ್ನು ಬಿಟ್ಟು ಪಾಲು ಮಾಡಿಕೊಳ್ಳಲು ಹೊರಟವರು ವ್ಯಾಜ್ಯವನ್ನು ಮುಗಿಸುತ್ತಿಲ್ಲ, ಇನ್ನೊಂದಕ್ಕೆ ಬೀಜ ಬಿತ್ತುತ್ತಿದ್ದಾರೆ.

ಗೆದ್ದರೆ ಆಸ್ತಿ ಕೈಗೆ ಬಂದಂತೆಯೇ?

ಪಾಲಿನ ದಾವೆಯಲ್ಲಿ ಮೊದಲು ಬರುವುದು ಪ್ರಾಥಮಿಕ ಡಿಕ್ರಿ. ಅದು ಯಾರಿಗೆ ಎಷ್ಟು ಪಾಲು ಎಂಬುದನ್ನಷ್ಟೇ ನಿರ್ಧರಿಸುತ್ತದೆ. ಅಳತೆಯಾಗಿ ಗಡಿ ಗೊತ್ತಾಗುವುದು ಅಂತಿಮ ಡಿಕ್ರಿಯಲ್ಲಿ. ಅದಕ್ಕಾಗಿ ಪ್ರತ್ಯೇಕ ಅರ್ಜಿಗೆ ಕಾಯದೆ ನ್ಯಾಯಾಲಯಗಳೇ ಮುಂದುವರಿಯಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಸೂಚಿಸಿತು. ಆ ಬಳಿಕವೂ ಎದುರಾಳಿ ಸ್ವಾಧೀನ ಬಿಡದಿದ್ದರೆ ಅಮಲ್ಜಾರಿ ಅರ್ಜಿ ಹಾಕಬೇಕು. ಇದೇ ಇಂದಿನ ದೊಡ್ಡ ಕಗ್ಗಂಟು. ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳಲ್ಲಿ ಇತ್ಯರ್ಥಪಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2025ರ ಮಾರ್ಚ್‌ನಲ್ಲಿ ನಿರ್ದೇಶಿಸಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಪರಿಶೀಲಿಸಿದಾಗ ದೇಶದಲ್ಲಿ ಇಂಥ 8.82 ಲಕ್ಷ ಅರ್ಜಿಗಳು ಬಾಕಿ ಇದ್ದವು. ಡಿಕ್ರಿ ಪಡೆದವರು ಅದರ ಫಲಕ್ಕಾಗಿ ವರ್ಷಗಟ್ಟಲೆ ಕಾಯಬೇಕಾದರೆ ನ್ಯಾಯಕ್ಕೆ ಅರ್ಥವೇನು ಎಂಬುದು ನ್ಯಾಯಾಂಗವೂ ಸರಕಾರವೂ ಉತ್ತರಿಸಲೇಬೇಕಾದ ಪ್ರಶ್ನೆ.

ರಾಜಿಗೆ ಅವಕಾಶವಿಲ್ಲವೇ?

ದಾವೆಯ ಯಾವ ಹಂತದಲ್ಲೂ ಇದೆ. ಮಧ್ಯಸ್ಥಿಕೆ ಕೇಂದ್ರ ಹಾಗೂ ಲೋಕ ಅದಾಲತ್‌ಗಳು ಇದಕ್ಕಾಗಿಯೇ ಇವೆ. ಲೋಕ ಅದಾಲತ್‌ನಲ್ಲಿ ಇತ್ಯರ್ಥವಾದರೆ ಕಟ್ಟಿದ ನ್ಯಾಯಾಲಯ ಶುಲ್ಕ ಮರಳಿ ದೊರೆಯುತ್ತದೆ, ಅದರ ತೀರ್ಮಾನದ ಮೇಲೆ ಅಪೀಲೂ ಇರುವುದಿಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ದೊರೆಯುತ್ತದೆ.

“ಅಣ್ಣನೇ ಇಟ್ಟುಕೊಳ್ಳಲಿ, ನಮಗೇನು ಕಡಿಮೆಯಾಗಿದೆ” ಎನ್ನುವ ದೊಡ್ಡ ಮನಸ್ಸು ನಮ್ಮಲ್ಲಿ ಅನೇಕರಿಗಿದೆ. ಅದು ಶ್ಲಾಘನೀಯವೇ. ಆದರೆ ಔದಾರ್ಯಕ್ಕೂ ಕಾನೂನಿನಲ್ಲಿ ಒಂದು ದಾರಿಯಿದೆ. ನೋಂದಾಯಿತ ಹಕ್ಕು ಬಿಡುಗಡೆ ಪತ್ರವನ್ನು ಬರೆದುಕೊಟ್ಟರೆ ಕೊಟ್ಟವರಿಗೂ ನೆಮ್ಮದಿ, ಪಡೆದವರಿಗೂ ಭದ್ರತೆ. ಮೌನವಾಗಿದ್ದರೆ ಅದು ದಾನವೂ ಆಗದು, ಹಕ್ಕೂ ಉಳಿಯದು. ಮುಂದಿನ ತಲೆಮಾರಿಗೆ ನಾವು ಬಿಟ್ಟುಹೋಗುವುದು ಅಣ್ಣತಮ್ಮಂದಿರ ಬಾಂಧವ್ಯವಾಗಿರಬೇಕೇ ಹೊರತು ತೆರೆಯದೆ ಉಳಿದ ಸಮನ್ಸ್ ಆಗಿರಬಾರದು.