ಲಾಲ್‌ಬಾಗಿಗೆ ಬಿಟ್ಟಿ ಆಳುಗಳು

ಸಂಬಳವಿಲ್ಲದ ದುಡಿಮೆಗೆ ನಮ್ಮ ಕಡೆ ‘ಬಿಟ್ಟಿ’ ಎಂಬ ಮಾತಿದೆ. ಅದರ ಹಿಂದೆ ಪಟೇಲನ ಚಾವಡಿಯೂ ಬಾರುಕೋಲೂ ನಿಂತಿರುವುದರಿಂದ ಅದು ಯಾರ ಕಿವಿಗೂ ಹಿತವಲ್ಲ. ಹೀಗಿರುವಲ್ಲಿ, ಸರಕಾರದ ಸಸ್ಯೋದ್ಯಾನಕ್ಕೆ ಸ್ವಯಂಸೇವಕರು ಬೇಕು, ಅವರಲ್ಲಿ ಹಳ್ಳಿಯ ಮುದುಕರೂ ಇರಬೇಕು ಎಂದು ವಾದಿಸಹೊರಟರೆ ಉಬ್ರಾಣಿಯ ನನ್ನ ನೆರೆಹೊರೆಯವರೇ ಮೊದಲು ನಕ್ಕಾರು. ನಗಲಿ; ವಾದವನ್ನಷ್ಟು ಕೇಳಲಿ.

ಲಾಲ್‌ಬಾಗ್ ಗಾಳಿ ಸೇವನೆಯ ಸ್ಥಳವೆಂದೇ ಬಹುಮಂದಿಯ ತಿಳಿವಳಿಕೆ. 1760ರಲ್ಲಿ ಹೈದರಾಲಿ ಆರಂಭಿಸಿದ ಈ ತೋಟ 1856ರಲ್ಲಿ ಸರಕಾರದ ಸಸ್ಯೋದ್ಯಾನವಾಯಿತು. ಇಂದು ಅದರ ವಿಸ್ತಾರ ಸುಮಾರು 240 ಎಕರೆ. 1874ರಲ್ಲಿ ಅದರ ಆಡಳಿತವನ್ನು ವಹಿಸಿಕೊಂಡ ಕ್ಯಾಮೆರಾನ್ ಆಗಲಿ, 1908ರಲ್ಲಿ ಬಂದ ಕ್ರುಂಬಿಗಲ್ ಆಗಲಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದವರು. ನಮ್ಮವರೇ ಆದ ಡಾ. ಮರಿಗೌಡರೂ ಅಲ್ಲಿ ಕಲಿತು ಬಂದವರು. ಹೀಗೆ ಕ್ಯೂದಿಂದ ಜನ ಬಂದರು, ವಿದ್ಯೆ ಬಂದಿತು. ಅಲ್ಲಿ ಈಗ ನೂರಾರು ಸ್ತ್ರೀಪುರುಷರು ಸ್ವಂತ ಇಚ್ಛೆಯಿಂದ ಬಂದು, ಮಕ್ಕಳಿಗೆ ಮರ ತೋರಿಸಿ, ತೋಟಗಾರರಿಗೆ ಕೈಗೂಡಿಸಿ ಹೋಗುತ್ತಾರೆ. ಆ ರೂಢಿಯೊಂದು ಮಾತ್ರ ಇಲ್ಲಿ ಗಟ್ಟಿಯಾಗಿ ಬೇರೂರಲಿಲ್ಲ. ಸಸ್ಯಪ್ರಿಯರು ಕೆಲವರು ಬೆಳಗಿನ ಹೊತ್ತು ಆಸಕ್ತರನ್ನು ಕರೆದೊಯ್ದು ಮರಗಳ ಪರಿಚಯ ಮಾಡಿಸುವುದುಂಟು. ಅದು ಶ್ಲಾಘ್ಯವೇ, ಆದರೆ ಆ ಪರಿಚಯ ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯುತ್ತದೆ. ಚನ್ನಗಿರಿಯಿಂದ ಬಸ್ಸಿಳಿದು ಫಲಪುಷ್ಪ ಪ್ರದರ್ಶನಕ್ಕೆ ಬಂದವನಿಗೆ ಗಾಜಿನ ಮನೆಯ ಹೂವು ಕಾಣುತ್ತದೆಯೇ ಹೊರತು ಹೊರಗೆ ನಿಂತ ಮರ ಕಾಣುವುದಿಲ್ಲ.

ಫಲಕಗಳಿವೆಯಲ್ಲ ಎನ್ನುವಿರಿ. ಫಲಕವು ಲ್ಯಾಟಿನ್ ಹೆಸರನ್ನೂ ಕುಟುಂಬವನ್ನೂ ಹೇಳೀತು. ಮರದೊಡನೆ ಬಾಳಿದವರ ಸಂಗತಿಯನ್ನು ಹೇಳದು. ನಮ್ಮ ಉಬ್ರಾಣಿಯ ಸುತ್ತಿನದು ಎಲೆಯುದುರುವ ಕಾಡು. ಮತ್ತಿ, ಹೊನ್ನೆ, ದಿಂಡಿಗಗಳ ಸೀಮೆ. ಮತ್ತಿಯ ತೊಗಟೆ ಮೊಸಳೆಯ ಬೆನ್ನಿನಂತೆ ಚೌಕಚೌಕವಾಗಿ ಒಡೆದಿರುತ್ತದೆ. ಕೆಲವು ಮರಗಳ ಉಬ್ಬನ್ನು ಕೊಯ್ದರೆ ಬೇಸಗೆಯಲ್ಲೂ ನೀರು ಚಿಮ್ಮುತ್ತದೆ. ಹೊನ್ನೆಗೆ ಗಾಯವಾದರೆ ರಕ್ತದಂಥ ಕೆಂಪು ರಸ ಒಸರುತ್ತದೆ. ಅದರ ತಿರುಳಿನ ಲೋಟದಲ್ಲಿ ರಾತ್ರಿ ನೀರಿಟ್ಟು ಮಧುಮೇಹಕ್ಕೆಂದು ಬೆಳಗ್ಗೆ ಕುಡಿಯುವವರು ಇಂದಿಗೂ ಇದ್ದಾರೆ. ಆ ನಂಬಿಕೆ ಎಷ್ಟು ನಿಜವೆಂಬುದನ್ನು ವೈದ್ಯರು ಪರೀಕ್ಷಿಸಲಿ. ಲೋಟದಲ್ಲಿನ ನೀರು ಬಣ್ಣಗೊಳ್ಳುವುದನ್ನಂತೂ ಯಾವ ಬಾಲಕನಾದರೂ ಕಣ್ಣಾರೆ ನೋಡಬಹುದು. ಹೀಗೆ ನೋಡಿದ ಮರವನ್ನು ಅವನು ಮರೆಯುವನೆ?

ಈ ತಿಳಿವು ಯಾರಲ್ಲಿದೆ? ಮಗನ ಮನೆಗೆಂದು ಬೆಂಗಳೂರಿಗೆ ಬಂದು, ಮೂರನೆಯ ಮಹಡಿಯಲ್ಲಿ ಹೊತ್ತು ಹೋಗದೆ, ಉದ್ಯಾನದ ಕಲ್ಲುಬೆಂಚಿನ ಮೇಲೆ ಕುಳಿತ ರೈತರಲ್ಲಿದೆ. ಅವರು ಪ್ರತಿ ಮುಂಜಾನೆ ಅಲ್ಲಿಯೇ ಇದ್ದಾರೆ. ಕೇಳುವವರು ಮಾತ್ರ ಇಲ್ಲ. ಪರದೇಶದ ಮರಗಳ ವಿಷಯ ಅವರಿಗೆ ತಿಳಿಯದೆಂಬ ಆಕ್ಷೇಪ ಸರಿಯೇ. ಅದಕ್ಕಾಗಿ ನಾಲ್ಕು ದಿನದ ತರಬೇತಿ ಕೊಡಲಿ. ನಾಟಿ ಕಸಿಗಳಲ್ಲಿ ಬೆರಳು ನುರಿತವನಿಗೆ ಮರವೊಂದರ ಗುರುತು ಹಿಡಿಯುವುದು ಕಷ್ಟವಲ್ಲ. ಅಷ್ಟೇಕೆ, ಪರದೇಶದಿಂದ ಬಂದ ಸೀಮೆಬದನೆ ನಮ್ಮ ಅಡುಗೆಯ ಮನೆಯಲ್ಲಿ ಎಷ್ಟು ಬೇಗ ಒಗ್ಗಿಕೊಂಡಿತು!

ಇನ್ನೊಂದು ಆಕ್ಷೇಪವಿದೆ, ನನಗೆ ಭಯವಿರುವುದೂ ಅದರದೇ. ಪುಕ್ಕಟೆ ದುಡಿಯುವವರು ಸಿಕ್ಕರೆ ಸಂಬಳದ ಮಾಲಿಗಳನ್ನು ಕಡಿಮೆ ಮಾಡೋಣವೆಂದು ಯಾವನಾದರೂ ಲೆಕ್ಕಿಗನಿಗೆ ಹೊಳೆಯದಿರದು. ಅಗೆತ, ಕಳೆ, ನೀರು, ಗೊಬ್ಬರ ಇವು ಕೂಲಿಯ ಕೆಲಸಗಳು. ಬಿಸಿಲಲ್ಲಿ ಬೆನ್ನು ಬಾಗಿಸುವ ಹೆಣ್ಣಾಳುಗಳ ಅನ್ನ ಅವುಗಳಲ್ಲಿದೆ. ಸ್ವಯಂಸೇವಕನ ಕೈಗೆ ಗುದ್ದಲಿ ಕೊಡಕೂಡದು. ಅವನ ಕೆಲಸ ಹೇಳುವುದು, ತೋರಿಸುವುದು, ಹೂಬಿಟ್ಟ ದಿನವನ್ನೂ ಒಣಗಿದ ಕೊಂಬೆಯನ್ನೂ ಪುಸ್ತಕದಲ್ಲಿ ಬರೆದಿಡುವುದು, ತೊಗಟೆಯ ಮೇಲೆ ಹೆಸರು ಕೆತ್ತುವ ಪ್ರೇಮಿಗಳನ್ನು ನಯವಾಗಿ ತಡೆಯುವುದು. (ಈ ಕೊನೆಯ ಕೆಲಸಕ್ಕೆ ಮುದುಕರೇ ಲೇಸು.) ಈ ಎಲ್ಲೆಯನ್ನು ನಿಯಮದಲ್ಲಿಯೇ ಬರೆದಿಡದಿದ್ದರೆ ನನ್ನ ಸಲಹೆಯನ್ನು ನಾನೇ ಹಿಂತೆಗೆದುಕೊಳ್ಳುತ್ತೇನೆ.

ನನ್ನ ಮಟ್ಟಿಗೆ ಹೇಳುವುದಾದರೆ, ಅಡಕೆ ಕೊಯ್ಲು ಮುಗಿದ ಮೇಲೆ ಎರಡು ತಿಂಗಳು ಬೆಂಗಳೂರಿನಲ್ಲಿರುತ್ತೇನೆ. ವಾರಕ್ಕೆ ಎರಡು ಬೆಳಗು ಕೊಡಬಲ್ಲೆ. ಬಸ್ಸಿನ ಖರ್ಚು ನನ್ನದು. ಮಕ್ಕಳಿಗೆ ತೋರಿಸಲು ಹೊನ್ನೆಯ ಲೋಟವನ್ನೂ ಊರಿನಿಂದ ನಾನೇ ತರುತ್ತೇನೆ.