ಮಂಗಳೂರು ವಿವಿ: ಆದಾಯ ಹೋಯ್ತು, ಖರ್ಚು ಉಳೀತು

ಇಲ್ಲಿ ದುಡಿಯುವ ಕರಾವಳಿಯ ಎಷ್ಟೋ ಜನರ ಡಿಗ್ರಿ ಸರ್ಟಿಫಿಕೇಟ್ ಮೇಲಿರುವುದು ಮಂಗಳೂರು ವಿಶ್ವವಿದ್ಯಾನಿಲಯದ ಮುದ್ರೆ. 1980ರಲ್ಲಿ ಶುರುವಾದ ಆ ವಿವಿಗೆ ಈಗ ನಿವೃತ್ತರ ಪಿಂಚಣಿ ಕೊಡುವುದೇ ಕಷ್ಟವಾಗಿದೆ. ಭ್ರಷ್ಟಾಚಾರ ಅಂತ ಬೈದು ಸುಮ್ಮನಾಗುವ ಮೊದಲು ಲೆಕ್ಕ ನೋಡಿ.

ಇಂಥ ವಿವಿಯ ಸ್ವಂತ ಆದಾಯ ಅಂದ್ರೆ ಮುಖ್ಯವಾಗಿ ಕಾಲೇಜುಗಳಿಂದ ಬರುವ ಸಂಯೋಜನಾ ಶುಲ್ಕ, ವಿದ್ಯಾರ್ಥಿಗಳ ಪರೀಕ್ಷಾ ಶುಲ್ಕ. 2023ರಲ್ಲಿ ಕೊಡಗು ವಿವಿ ಬೇರೆಯಾಯ್ತು, ಅಲ್ಲಿನ ಕಾಲೇಜುಗಳು ಕೈಬಿಟ್ಟವು. 2024ರಲ್ಲಿ ಸಂತ ಅಲೋಶಿಯಸ್ ಡೀಮ್ಡ್ ವಿವಿ ಆಯ್ತು. ಬರುವ ಹಣ ಇಳಿದರೂ ಕೊಣಾಜೆಯ ಕಟ್ಟಡ, ಸಂಬಳ, ಪಿಂಚಣಿ ಹಾಗೇ ಇವೆ. ಅತ್ತ ಕೊಡಗು ವಿವಿಗೂ ಸರ್ಕಾರ ಸಾಕಷ್ಟು ದುಡ್ಡು ಕೊಡಲಿಲ್ಲ. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಅದೂ ಸೇರಿ 9 ಹೊಸ ವಿವಿಗಳನ್ನು ಮುಚ್ಚುವ ಮಾತಾಡಿತು. ಆಸ್ತಿ ಪಾಲು ಮಾಡಿ ಇಬ್ಬರನ್ನೂ ಸಾಲಗಾರರನ್ನಾಗಿ ಮಾಡಿದ ಹಾಗೆ.

ಪೆಟ್ಟು ಬೀಳುವುದು ಮಕ್ಕಳಿಗೆ. 2023ರ ಕೊನೆಗೆ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಕಾಯಂ ಮಾಡಿ ಅಂತ ಮುಷ್ಕರ ಹೂಡಿದಾಗ ಎಷ್ಟೋ ಕಡೆ ಪಾಠವೇ ನಿಂತಿತು. ಸಾಲದ್ದಕ್ಕೆ 2021ರಲ್ಲಿ ಎನ್‌ಇಪಿ ಪಠ್ಯಕ್ರಮ, 2024ರಲ್ಲಿ ಅದನ್ನೂ ಬಿಟ್ಟು ಮತ್ತೆ 3 ವರ್ಷದ ಹಳೇ ಪದ್ಧತಿ. ಅಣ್ಣನ ನೋಟ್ಸ್ ತಮ್ಮನಿಗೆ ಉಪಯೋಗಕ್ಕಿಲ್ಲ.

ಸರ್ಟಿಫಿಕೇಟ್ ಅಟೆಸ್ಟ್ ಆಗದೆ ಇಲ್ಲಿ ಒಳ್ಳೆ ಕೆಲಸದ ವೀಸಾ ಕಷ್ಟ. ಅಂಕಪಟ್ಟಿ ತಡವಾದರೆ ಕಂಪನಿ ಕಾಯೋದಿಲ್ಲ. ಈ ಸಲ ಊರಿಗೆ ಹೋದಾಗ ಕಾಲೇಜಿನ ಕಟ್ಟಡ ನೋಡ್ಬೇಡಿ. ಕಾಯಂ ಉಪನ್ಯಾಸಕರು ಎಷ್ಟು ಜನ, ಹಿಂದಿನ ಬ್ಯಾಚಿನ ಅಂಕಪಟ್ಟಿ ಬಂದಿದೆಯಾ ಅಂತ ಕೇಳಿ.